ನೀರಿಗೆ ಸ್ಟೇಜ್ ಇಲ್ಲ

ಬನಶಂಕರಿ ಬಸ್ ನಿಲ್ದಾಣದ ಮೂರನೇ ಅಂಕಣದಲ್ಲಿ
ಇಡ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು
ನಾನು ಸಮುದ್ರಕ್ಕೆ ಫೋನು ಮಾಡಿದೆ.

ಆ ಕಡೆ ಯೋಗೀಶ ಮೆಂಡನ್. ಹಿಂದೆ ಗಾಳಿ,
ಯಾರೋ ಹಗ್ಗ ಎಳೆಯುವ ಸದ್ದು.
ದಡದಿಂದ ಹತ್ತಿದರೆ ತಲೆಗೆ ನಾನೂರೈವತ್ತು,
ಬಂದರಿನಿಂದಾದರೆ ಮುನ್ನೂರು,
"ಆದ್ರೆ ಮೂವತ್ತು ಜನ ಆಗದೆ ಬೋಟು ಬಿಡುದಿಲ್ಲ ಮಾರಾಯ್ರೆ."

ಮೂವತ್ತಾ? ನಗು ಬಂತು.
ಸಂಜೆ ಆರರ ಮೆಜೆಸ್ಟಿಕ್ಕಿನಲ್ಲಿ
ನಲವತ್ತೆರಡು ಸೀಟಿಗೆ ತೊಂಬತ್ತು ಜನ ತುಂಬಿಸಿ
ಒಳಗೆ ಹೋಗಿ, ಒಳಗೆ ಜಾಗ ಇದೆ ಅಂದವಳು ನಾನು.
"ಅದು ನೆಲ," ಅಂದ. "ನೆಲ ಮುಳುಗುದಿಲ್ಲ."

ಲೆಕ್ಕ ಇದು:
ಇಲ್ಲಿಂದ ಉಡುಪಿಗೆ ನಾನೂರು ಕಿಲೋಮೀಟರು,
ಹೆಂಗಸರಾದ್ದರಿಂದ ಸೊನ್ನೆ.
ಆಮೇಲೆ ಆರು ಕಿಲೋಮೀಟರು ನೀರು,
ಅದಕ್ಕೆ ಮುನ್ನೂರು.
ಹದಿನಾಲ್ಕು ವರ್ಷ ಟಿಕೆಟ್ ಹರಿದ ಕೈಗೆ
ಇದು ಅರ್ಥವಾಗಲಿಲ್ಲ.
ಎಷ್ಟು ಸ್ಟೇಜು? ಮಧ್ಯೆ ಇಳಿಯಬಹುದಾ?
ಪಾಸ್ ನಡೆಯುತ್ತದಾ? ಸೀನಿಯರ್ ಸಿಟಿಜನ್?
ದಿನವೂ ಜನ ನನ್ನನ್ನು ಕೇಳುವುದನ್ನೆಲ್ಲ ನಾನು ಕೇಳಿದೆ,
ಅದೇ ಧಾಟಿಯಲ್ಲಿ, ಅದೇ ಮೊಂಡುತನದಲ್ಲಿ.
ಅವನು ನನಗಿಂತ ಒಳ್ಳೆಯವನು. ರೇಗಲಿಲ್ಲ.
"ನೀರಿಗೆ ಸ್ಟೇಜ್ ಇಲ್ಲ," ಅಂದ, "ಹತ್ತಿದ್ರೆ ಅಲ್ಲಿಗೇ."

ಡಿಪೋದಲ್ಲಿ ತಬಸ್ಸುಮ್ ಮೊದಲು ಹೆಸರು ಕೊಟ್ಟಳು.
ಆಮೇಲೆ ಗ್ರೇಸಿ, ಇಬ್ಬರು ನಾದಿನಿಯರ ಸಮೇತ.
ಕ್ಯಾಷ್ ಸೆಕ್ಷನ್ನಿನ ಹೊನ್ನಗಂಗಮ್ಮ
ಈಜು ಬರಲ್ಲ, ಪರವಾಗಿಲ್ವಾ ಅಂತ ಕೇಳಿ ಬರೆಸಿ,
ಮಾರನೇ ದಿನ ಹೊಡೆದುಹಾಕಿಸಿ,
ಮತ್ತೆ ಬರೆಸಿದಳು.
ಹೆಸರುಗಳೆಲ್ಲ ಟ್ರಿಪ್ ಶೀಟಿನ ಹಿಂದೆ,
ಟಿಕೆಟ್ಟಿನ ಬೆನ್ನಿಗೆ ಚಿಲ್ಲರೆ ಬಾಕಿ ಬರೆದುಕೊಟ್ಟ ಹಾಗೆ.

ಮಳೆ ಹಿಡಿದರೆ ಬೋಟು ಬಂದ್.
ಅಷ್ಟರೊಳಗೆ ಎಲ್ಲರ ವಾರದ ರಜೆಯನ್ನು ಒಂದೇ ದಿನಕ್ಕೆ ತರಬೇಕು.
ದ್ವೀಪವನ್ನೇ ಇತ್ತ ಎಳೆದು ತರುವುದು ಇದಕ್ಕಿಂತ ಸುಲಭ.

ಡ್ಯೂಟಿ ಮುಗಿಸಿ ಹಲಸೂರು ಕೆರೆ ದಾಟುವಾಗ ಗ್ರೇಸಿ ಅಂದಳು:
"ಇಲ್ಲೂ ನಡುಗಡ್ಡೆ ಇದೆಯಲ್ಲಕ್ಕಾ. ಇದಕ್ಕೇ ಹೋಗಿ ಬರೋಣ, ಅಗ್ಗ."
ಕಿಟಕಿಯಿಂದ ನೋಡಿದೆ.
ಕೊಂಬೆಗೊಂದು ನೀರುಕಾಗೆ,
ಯಾವುದೂ ಒಳಗೆ ಸರಿಯುತ್ತಿಲ್ಲ.
ಈಚೆ ಬೇಲಿ, ಬೇಲಿಯ ಈಚೆ ಟ್ರಾಫಿಕ್ಕು, ಟ್ರಾಫಿಕ್ಕಿನಲ್ಲಿ ನಾವು.
ಬೇಡ.
ನನಗೆ ಬೇಕಾದ್ದು ಹಾರ್ನ್ ಕೇಳಿಸದ ಒಂದು ತುಂಡು ಕಲ್ಲು.
ತಬಸ್ಸುಮ್ ಫೋಟೊ ತೋರಿಸಿದ್ದಳು:
ಅಲ್ಲಿ ಬಂಡೆಗಳು ಕಂಬ ಕಂಬವಾಗಿ,
ಒತ್ತೊತ್ತಾಗಿ,
ಬಸ್ಸೇ ಹೋದಮೇಲೂ ನಿಂತೇ ಉಳಿದ ಪ್ಯಾಸೆಂಜರುಗಳ ಹಾಗೆ.

ನಿನ್ನೆಗೆ ಇಪ್ಪತ್ತಾರು.
ಮತ್ತೆ ಫೋನು. ಇಪ್ಪತ್ತಾರಕ್ಕೆ ಬಿಡಪ್ಪಾ.
"ಬಿಡುವ. ನಾಲ್ಕು ಸೀಟಿನ ದುಡ್ಡು ನೀವೇ ಹಾಕ್ಬೇಕು."
ಸಾವಿರದ ಇನ್ನೂರು. ಭಾಗಿಸಿದೆ.
ತಲೆಗೆ ನಲವತ್ತಾರು ರೂಪಾಯಿ ಹದಿನೈದು ಪೈಸೆ.
ಹದಿನೈದು ಪೈಸೆ ಎಲ್ಲಿಂದ ತರಲಿ,
ಒಂದು ರೂಪಾಯಿ ಚಿಲ್ಲರೆಗೆ ಮೂರು ಸ್ಟಾಪು ಜಗಳವಾಡುವ ಊರಲ್ಲಿ?

ಕೊನೇ ಟ್ರಿಪ್ಪು. ರಾತ್ರಿ ಹತ್ತೂಮುಕ್ಕಾಲು.
ಡ್ರೈವರ್ ತಿಮ್ಮರಾಯಪ್ಪ ಕನ್ನಡಿಯೊಳಗಿಂದ ಕೇಳಿದ,
"ನನ್ನೂ ಸೇರಿಸ್ಕೊಳ್ಳಮ್ಮ."
ಉಡುಪಿವರೆಗೆ ನಿಮಗೆ ಫುಲ್ ಚಾರ್ಜು, ಅಂದೆ.
ಗೇರು ಬದಲಿಸಿ ಸುಮ್ಮನಾದ.
ಒಂದು ಸಿಗ್ನಲ್ ಕಳೆದ ಮೇಲೆ
"ಕೊಡ್ತೀನಿ."

ಇಪ್ಪತ್ತೇಳು.
ಹಿಂದಿನ ಸೀಟುಗಳಲ್ಲಿ ಮೂವರು ಹೆಂಗಸರು ನಿದ್ದೆಯಲ್ಲಿ.
ಗಾರ್ಮೆಂಟ್ಸಿನ ಐಡಿ ಕಾರ್ಡು ಒಂದು ಕಡೆ ವಾಲಿದೆ,
ಗುಲಾಬಿ ಟಿಕೆಟ್ಟು ಬಳೆಯೊಳಗೆ ಸಿಕ್ಕಿಸಿದೆ.
ಬಸ್ಸು ತಿರುಗಿದಾಗ
ಮೂವರೂ ಒಟ್ಟಿಗೆ ತೂಗಿ, ಒಟ್ಟಿಗೆ ಮರಳಿದರು.
ಎಣಿಸಲಿಲ್ಲ ಅಂತ ಸುಳ್ಳು ಹೇಳಲಾರೆ.

ಸೀಟಿ ಬಾಯಿಯವರೆಗೆ ಹೋಯಿತು.
ಅವರ ಸ್ಟಾಪಿಗೆ ಇನ್ನೂ ಎರಡು ಸ್ಟೇಜಿದೆ.
ಮಲಗಲಿ.